ಮಾರ್ಚ್ ಇಪ್ಪತ್ತೆಂಟು, ಸೊಸೈಟಿ ಕಿಟಕಿ

ಬೆಳಿಗ್ಗೆ ಹತ್ತಕ್ಕೆ ಮೊದಲ ಸಲ ನೋಡಿದೆ ಆ ಕಟ್ಟನ್ನು.
ಒಂದು ಲಕ್ಷ. ಹಸಿರು ರಬ್ಬರ್ ಬ್ಯಾಂಡು.
ಮೇಲಿನ ನೋಟಿನ ಅಂಚಲ್ಲಿ ಯಾರೋ ನೀಲಿ ಪೆನ್ನಲ್ಲಿ ಬರೆದ ೭೪೦,
ಗೂಡಿನ ಮಾರ್ಕೆಟ್ಟಿನ ಯಾವುದೋ ದಿನದ ದರ ಇರಬೇಕು.
ಮೂಸಿದರೆ ಬೇಯುವ ಗೂಡಿನ ವಾಸನೆ,
ಶಿಡ್ಲಘಟ್ಟದಲ್ಲಿ ಒಮ್ಮೆ ಬಸ್ಸಿಳಿದವರಿಗೆ
ಹೇಳಿಕೊಡಬೇಕಿಲ್ಲ.

ನಾರೆಪ್ಪ ಕಟ್ಟಿದ. ರಸೀದಿ ಹರಿದೆ.
ಹೋದ ವರ್ಷದ ಸಾಲ ತೀರಿತು. ಬಡ್ಡಿ: ಸೊನ್ನೆ.
ಕುರ್ಚಿಯಿಂದ ಏಳದೆಯೇ
ಈ ವರ್ಷದ ಅರ್ಜಿಗೆ ಸಹಿ ಹಾಕಿದ.
ಅದೇ ಕಟ್ಟು ಅದೇ ಕಿಟಕಿಯಿಂದ ಹೊರಗೆ,
ಮೆಟ್ಟಿಲ ಮೇಲೆ ಕಾಯುತ್ತಿದ್ದ ಗಂಗುಲಪ್ಪನ ಕೈಗೆ.

ಹನ್ನೊಂದೂಕಾಲಿಗೆ ಮತ್ತೆ ೭೪೦.
"ಮತ್ತೆ ಎಣಿಸ್ತೀಯೇನಮ್ಮಾ?"
ಎಣಿಸಿದೆ. ನಿಯಮ.

ಕಟ್ಟಿನ ಧಣಿ ಪ್ಯಾರೇಜಾನ್ ಸಾಬರು
ಎದುರಿನ ಹೊಂಗೆ ನೆರಳಲ್ಲಿ ಸ್ಕೂಟರಿನ ಮೇಲೆ ಅಡ್ಡ ಕೂತಿದ್ದಾರೆ.
ಬಡ್ಡಿ ಕೇಳುವವರಲ್ಲ.
ಷರತ್ತು ಒಂದೇ: ಕಟ್ಟು ಹಿಡಿದವರೆಲ್ಲ ಒಂದೊಂದು ಟೀ ಕೊಡಿಸಬೇಕು.
ಊಟದ ಹೊತ್ತಿಗೆ ಆರನೇ ಲೋಟ.
ಇವತ್ತು ಒಲೆ ಹಚ್ಚಿಲ್ಲ, ದುಡ್ಡೇ ಸೊಸೈಟಿಯೊಳಗೆ
ನೂಲು ಬಿಚ್ಚುತ್ತಿದೆ ಅನ್ನುತ್ತಾರೆ,
ತಾವೇ ನಗುತ್ತಾರೆ.

ಬೊಮ್ಮಕ್ಕ, ಪಿಳ್ಳ ವೆಂಕಟರಾಯ,
ಹಳೇ ಪಾಸ್‌ಬುಕ್ಕು ಮರೆತು ಎರಡು ಸಲ ಊರಿಗೆ ಓಡಿದ ಕದಿರಪ್ಪ.
ಮೂರನೇ ಸುತ್ತಿಗೆ ನೋಟುಗಳ ಮುಖಪರಿಚಯವಾಯಿತು:
ಮೂಲೆ ಸುಟ್ಟದ್ದು, ಮಡಿಕೆಯಲ್ಲಿ ಅರಿಶಿನ ಕೂತದ್ದು,
ಒಂದರ ಮೇಲೆ ಮಗುವಿನ ಅಕ್ಷರದಲ್ಲಿ ಶಬಾನಾ.
ಲೆಡ್ಜರಿಗೆ ಮುಖ ಬೇಕಿಲ್ಲ.

ಏಳು ಮಂದಿ ಆಗಿತ್ತು.
ಸರತಿ ಸೀಳಿಕೊಂಡು ಬಂದರು ಅಕ್ಕಯಮ್ಮ,
ಹುಳುಮನೆಗೆ ಉದುರಿಸುವ ಸುಣ್ಣದ ಪುಡಿಯ ಚೀಲ ಹಿಡಿದು.
ಒಳಗೆ ನಲವತ್ತೆರಡು ಸಾವಿರ.
ನೂರು, ಐವತ್ತು, ಇಪ್ಪತ್ತು.
ಎಣಿಸುತ್ತ ಎಣಿಸುತ್ತ ನನ್ನ ಬೆರಳು ಬೆಳ್ಳಗಾದವು.
ಒಂದು ಬೆಳೆ ಹಾಲುತೊಂಡೆಗೆ ಹೋಯಿತಂತೆ, ಮಿಕ್ಕ ಮೂರು ನಿಂತವಂತೆ.
ಅವರು ಯಾರಿಗೂ ಟೀ ಬಾಕಿ ಇರಲಿಲ್ಲ.

ರಸೀದಿ ಕೊಟ್ಟು ಹೊಸ ಅರ್ಜಿ ಮುಂದೆ ತಳ್ಳಿದೆ, ಕೈಯ ರೂಢಿ.
"ಬ್ಯಾಡ ಕಣಮ್ಮಾ."
ಸೊನ್ನೆ ಬಡ್ಡಿ, ಅಕ್ಕಯಮ್ಮ.
"ಗೊತ್ತೈತೆ."
ಈಗ ಬಿಟ್ಟರೆ ಆಮೇಲೆ ಹೊಸಬರ ಸಾಲಲ್ಲಿ ನಿಲ್ಲಬೇಕು.
"ನಿಲ್ತೀನಿ ಬಿಡು.
ಪಾಣಿಯಾಗೆ ಹನ್ನೊಂದ್ನೇ ಕಲಮ್ಮಲ್ಲಿ ನಿಮ್ಮ ಸೊಸೈಟಿ
ಇಪ್ಪತ್ತೊಂದು ವರ್ಸದಿಂದ ಕುಂತೈತೆ.
ತಪ್ಪೇನಿಲ್ಲ, ಆ ದುಡ್ಡಲ್ಲೇ ಹುಳುಮನೆ ಎದ್ದಿದ್ದು.
ಒಂದು ವರ್ಸ ಆ ಕಲಮ್ಮು ಬೀಳು ಬಿಟ್ಟು ನೋಡಾನ ಅಂತ.
ಹೊಲಾನೂ ಬಿಡ್ತೀವಲ್ಲ."

ಅರ್ಜಿಯ ಕೆಳಗೆ ಮೂರು ಚೌಕ:
ಮಂಜೂರು, ತಿರಸ್ಕೃತ, ಪರಿಶೀಲನೆಯಲ್ಲಿ.
ಬೇಡ ಎನ್ನುವುದಕ್ಕೆ ಚೌಕವಿಲ್ಲ.
ಅಂಚಿನಲ್ಲಿ ಬರೆದೆ: ಬೀಳು.
ಸೆಕ್ರೆಟರಿ ಮುನಿನಂಜಪ್ಪನವರು ಕನ್ನಡಕ ಏರಿಸಿ
"ಇದೇನು, ಸರ್ವೆ ನಂಬರಾ?" ಅಂದರು.
ಉತ್ತರಕ್ಕೆ ಕಾಯಲಿಲ್ಲ. ಜಿಲ್ಲೆಯಿಂದ ಫೋನು ಬಂದಿತ್ತು,
ನೂರಕ್ಕೆ ನೂರು ವಸೂಲಿ ಸಾರ್ ಎಂದು
ಚಿಕ್ಕಬಳ್ಳಾಪುರಕ್ಕೆ ಫೋನಿಲ್ಲದೆಯೇ ಕೇಳುವಂತೆ ಕೂಗಿದರು.

ಸಂಜೆ, ಒಂಬತ್ತನೇ ಲೋಟ ಕೆಳಗಿಟ್ಟು
ಪ್ಯಾರೇಜಾನ್ ಸಾಬರು ಕಟ್ಟು ಬಿಚ್ಚಿದರು.
ಎಣಿಸಿದರು. ಮೂಸಿದರು. ಬೆರಳು ನೋಡಿಕೊಂಡರು.
"ಇದು ನನ್ನ ದುಡ್ಡಲ್ಲ."
ಲೆಕ್ಕ ತಪ್ಪಿದೆಯಾ?
"ಲೆಕ್ಕ ಸರಿಯಿದೆ, ಬೇಟಿ. ದುಡ್ಡು ಬೇರೆ."

ಡ್ರಾಯರಿನಲ್ಲಿ ಯಾವಾಗಲೋ ಬೆರೆತುಹೋಗಿತ್ತು.
ಚಿಲ್ಲರೆ ನೋಟು ಸೇರಿ ಕಟ್ಟು ದಪ್ಪಗಾಗಿತ್ತು,
ರಬ್ಬರ್ ಬ್ಯಾಂಡು ಸಾಲದೆ ದಾರ ಸುತ್ತಿದ್ದೆ.
ಬದಲಿಸಿಕೊಡಲೇ ಅಂದೆ.
ಬೇಡವೆಂದು ಕೈಯಾಡಿಸಿ ಸ್ಕೂಟರು ಒದ್ದರು,
ಅಂಗಿಯ ಜೇಬಿನ ಮೇಲೆ ಐದು ಬಿಳಿ ಬೆರಳು.

೭೪೦ ನನ್ನ ಡ್ರಾಯರಿನಲ್ಲೇ ಉಳಿಯಿತು, ಮೂಲೆ ಸುಟ್ಟದ್ದೂ.
ಶಬಾನಾ ಎಲ್ಲಿ ಹೋದಳೋ.
ಬೀಗ ಹಾಕಿ ಆರೂವರೆಯ ಬಸ್ಸು ಹಿಡಿದೆ.
ಜಂಗಮಕೋಟೆ ಕ್ರಾಸ್ ಬಂದಾಗ ಕಂಡಿತು,
ಹಸಿರು ಬ್ಯಾಂಡು ಮಣಿಕಟ್ಟಿನಲ್ಲಿ,
ಕೆಳಗೆ ಅದರದೇ ಗುರುತು, ಕೆಂಪಗೆ,
ಸೊನ್ನೆಯ ಹಾಗೆ.