ಎಂಟನೇ ಏಳು

ನಡುವೆ ಗೆರೆಯಿಲ್ಲ ನೋಡು, ಬಿಸೆರ್.
ಭಿನ್ನರಾಶಿಯಲ್ಲ ಇದು, ಹೊಡೆದುಹಾಕಲು.
ಲೆಕ್ಕದ ಮೇಷ್ಟ್ರಿಗೆ ಎಂಟನೇ ಆರೂ ನಾಲ್ಕನೇ ಮೂರೂ ಒಂದೇ;
ನನ್ನ ಕೋಣೆಯಲ್ಲಿ ಹಾಗಲ್ಲ.
ಅದೇ ಆರನ್ನು ಮೂರುಮೂರಾಗಿ ಒಡೆ, ತೊಟ್ಟಿಲು ತೂಗುತ್ತದೆ;
ಎರಡೆರಡಾಗಿ ಕಟ್ಟು, ಮದುವೆಮನೆಯಲ್ಲಿ ಲಂಗ ಗಿರ್ರನೆ ತಿರುಗುತ್ತದೆ.
ಕೆಳಗಿನ ಅಂಕಿ ಯಾವ ನಾಣ್ಯವೆಂದು ಹೇಳುತ್ತದೆ,
ಮೇಲಿನದು ಎಷ್ಟು ನಾಣ್ಯವೆಂದು.
ಅಷ್ಟಾದ ಮೇಲೆ ಒಂದು ನಿಲುಗೆರೆ, ಚೀಲದ ಬಾಯಿ ಕಟ್ಟಿದ ಹಾಗೆ.

ತಿಳಿಯಿತೇ ಎಂದೆ. ತಲೆಯನ್ನು ಮೇಲೆಕೆಳಗೆ ಆಡಿಸಿದ.
ನಮ್ಮ ಕಡೆ ಹಾಗೆಂದರೆ ಇಲ್ಲ.

ಪೆರ್ನಿಕ್ಕಿನ ಡಿಸೆಂಬರು, ಕಿಟಕಿಗೆ ಕಲ್ಲಿದ್ದಲ ಮಸಿ.
ತನಗಿಂತ ದಪ್ಪನೆಯ ಅಕಾರ್ಡಿಯನ್ ತಬ್ಬಿಕೊಂಡು ಕೂತ ಹುಡುಗ
ಏಳಕ್ಕೆ ಮತ್ತೆ ಮತ್ತೆ ಒಂದು ಸೇರಿಸಿ ಎಂಟು ಮಾಡುತ್ತಿದ್ದ,
ಊಟಕ್ಕೆ ಬಾರದವನಿಗೂ ಒಂದು ತಟ್ಟೆ ಇಟ್ಟ ಹಾಗೆ.
ಸ್ಕೇಲಿನಿಂದ ಮೇಜು ಬಡಿದೆ. ಸ್ಕೇಲು ಮುರಿಯಿತು.
ಏಳು ಬರಲಿಲ್ಲ.

ಆಗ ಮೆಟ್ಟಿಲ ಮೇಲೆ ಕೇಳಿಸಿತು.
ಲಿಫ್ಟು ಕೆಟ್ಟು ತಿಂಗಳಾಗಿದೆ. ಮೂರನೇ ಮಹಡಿಗೆ ಹತ್ತಿ ಬರುತ್ತಿದ್ದಾನೆ
ಮೊಮ್ಮಗನನ್ನು ಕರೆದೊಯ್ಯಲು ಸ್ಪಾಸ್,
ಬಲಪಾದದ ಅರ್ಧವನ್ನು ಗಣಿಯೊಳಗೇ ಬಿಟ್ಟು ಬಂದವನು.
ಮೊದಲು ಬೂಟು, ಆಮೇಲೆ ಕೋಲು, ಕಡೆಗೆ ಆ ಕಾಲು:
ಟಪ್ ಟಕ್ ಸರಕ್
ಟಪ್ ಟಕ್ ಸರಕ್

ಹುಡುಗನ ಕಿವಿ ಕೆಂಪಾಯಿತು.
ಬೀದಿಯಲ್ಲಿ ಈ ಸದ್ದಿಗಿಂತ ಹತ್ತು ಮಾರು ಮುಂದೆ ನಡೆಯುವವನು ಅವನು,
ಕಂಡಿದ್ದೇನೆ.
ನಾನೇನೂ ಹೇಳಲಿಲ್ಲ. ಸ್ಕೇಲಿನ ಚೂರು ಹೆಕ್ಕಲು ಬಗ್ಗಿದೆ.
ಬೆನ್ನ ಹಿಂದೆ ಅಕಾರ್ಡಿಯನ್ ಉಸಿರೆಳೆದುಕೊಂಡಿತು.
ಎರಡು, ಎರಡು, ಮೂರು.
ಎರಡು, ಎರಡು, ಮೂರು.
ಆ ಹೆಚ್ಚಿನ ತಟ್ಟೆ ಯಾವಾಗ ಎತ್ತಿಟ್ಟನೋ ಕಾಣೆ.

ಬಾಗಿಲಲ್ಲಿ ಸ್ಪಾಸ್, ಟೋಪಿಯ ಮೇಲೆ ಹಿಮ, ಏದುಸಿರು.
ಸದ್ದು ನಿಂತಿತಲ್ಲ, ಹುಡುಗನ ಬೆರಳೂ ನಿಂತವು.
"ಇನ್ನೊಂದು ಸಲ ಹತ್ತು, ಅಜ್ಜ."
ಮುದುಕ ಬೈದ: ಮೆಟ್ಟಿಲನ್ನು, ಲಿಫ್ಟಿನವರನ್ನು,
ಹುಡುಗನಿಗೆ ಸಂಗೀತ ಬೇಕೆಂದ ತನ್ನ ಸೊಸೆಯನ್ನು.
ಬೈಯುತ್ತಲೇ ತಿರುಗಿ ಇಳಿಯತೊಡಗಿದ.

ಇಳಿಯುವಾಗ ನೋವಿನ ಕಾಲು ಮೊದಲು:
ಸರಕ್ ಟಕ್ ಟಪ್.
ಅದೂ ಏಳೇ, ಬೇರೆ ಏಳು,
ಪಿರಿನ್ ಬೆಟ್ಟದ ಕಡೆಯವರು ಕೈಕೈ ಹಿಡಿದು ಕುಣಿಯುವುದು.
ಅದನ್ನು ಹೇಗೆ ಬರೆಯುವುದೆಂದು ಕಲಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು;
ಗುರುವಾರ ಹೇಳಿಕೊಡೋಣವೆಂದುಕೊಂಡೆ.

ಬಿಸೆರ್ ಕಣ್ಣು ಮುಚ್ಚಿ ಕೂತಿದ್ದ,
ತಲೆ ಅಡ್ಡಡ್ಡ ಆಡುತ್ತಿತ್ತು.