ಇನ್ನೊಂದು ಕಿವಿ

ಕೈಲ್‌ಪೊಳ್ದ್ ಕಳೆದ ಮರುದಿನ ಉತ್ತಯ್ಯ ಬೇಲಿಯಾಚೆ ನಿಂತು
"ಟೀಚರೇ, ಒಂದು ಕೂಗು ಹಾಕಿ, ಸಾಕು" ಅಂದಿದ್ದ.
ಅವನ ಕೋವಿಯ ಬಾಯಲ್ಲಿನ್ನೂ ತೋಕ್ ಪೂ ಇತ್ತು,
ಬಾಡಿದ್ದರೂ ಬೆಂಕಿಯ ಬಣ್ಣ ಬಿಟ್ಟಿರಲಿಲ್ಲ.
ನಾನು ನಕ್ಕೆ. ನಮ್ಮ ಮನೆಯಲ್ಲಿ ಆಯುಧವೆಂದರೆ
ಮೀನು ಕೊಯ್ಯುವ ಮೆಟ್ಟುಗತ್ತಿ,
ಮತ್ತೆ ಅತ್ತೆಯ ಬಾಯಿ.

ಭಾನುವಾರ ಮಕ್ಕಳಿಗೆ ಕೆನ್ನೆಯ ಪಾಠ ಮಾಡುವವಳು ನಾನು.
ಮುಖ ಬರೆದುಕೊಟ್ಟು ಬಣ್ಣ ಹಚ್ಚಿಸುತ್ತೇನೆ:
ಒಂದು ಕೆನ್ನೆ ಕೆಂಪು, ಇನ್ನೊಂದು ಖಾಲಿ.
ಲಾರಿ ಡ್ರೈವರನ ಮಗ ನೆಹೆಮೀಯ ಕೇಳಿದ:
"ಟೀಚರ್, ಏಟು ಅಮ್ಮನಿಗೆ ಬಿದ್ದರೆ
ಯಾರ ಕೆನ್ನೆ ತಿರುಗಿಸಬೇಕು?"
ಗಂಟೆ ಬಡಿಯಿತು. ದೇವರ ದಯೆ.

ಫೆಬ್ರವರಿ. ಆರು ಬಿಸಿಲು ಕಂಡು ಮೆಣಸು ಕಣದಲ್ಲಿ ಕಪ್ಪಾಗಿತ್ತು.
ಆ ವರ್ಷ ಅದಕ್ಕೆ ಬಂದ ಬೆಲೆಗೆ
ತೋಟದ ನಾಯಿಗಳೂ ನಿದ್ದೆಗೆಟ್ಟಿದ್ದವು.
ಅತ್ತೆ ದೊರ್ಕಮ್ಮ ಜಗಲಿಯಲ್ಲಿ ಗೋಣಿ ಹಾಸಿ ಮಲಗುವಳು,
ದಿಂಬಿನಡಿ ಟಾರ್ಚು, ಸೊಂಟದಲ್ಲಿ ಎಲೆಯಡಿಕೆ.

ರಾತ್ರಿ ಎರಡರ ಮೇಲೆ
ಒಂದು ಸದ್ದು. ಸದ್ದಲ್ಲ, ಸದ್ದು ಮುಚ್ಚಿದ ಸದ್ದು.
ಬಾಗಿಲು ತೆಗೆದರೆ ಅವಳ ಬಾಯ ಮೇಲೊಂದು ಕೈ,
ಕೈಯ ಮೇಲೆ ಅವಳ ಎರಡು ಕಣ್ಣು.
ಕೂಗಲಿಲ್ಲ ನಾನು. ಉತ್ತಯ್ಯ ನೆನಪಾಗಲಿಲ್ಲ,
ಬಾಯಿಪಾಠವಿದ್ದ ಒಂದು ವಾಕ್ಯವೂ ನೆನಪಾಗಲಿಲ್ಲ.
ಗೋಡೆಗೊರಗಿದ್ದ ಗೋರುಮಣೆ ಕೈಗೆ ಬಂತು.
ಬಂತು ಎನ್ನುತ್ತೇನೆ. ತಗೊಂಡೆ.
ಬೀಸಿದೆ.

ಹಲಗೆಯಂಚಿನ ತಗಡು ಅವನ ಬಲಗಿವಿ ಸೀಳಿತು.
ಆ ಕತ್ತಲಲ್ಲಿ ಮೆಣಸಿನ ಮೇಲೆ ಬಿದ್ದದ್ದಕ್ಕೆ ಬಣ್ಣವಿರಲಿಲ್ಲ.
ಟಾರ್ಚು ಹಾಕಿದಾಗ ಬಂತು ಬಣ್ಣ, ಜೊತೆಗೆ ಮುಖ:
ಸಿಲ್ವಾನ. ನಮ್ಮ ಸಭೆಯ ಗಾಯನ ತಂಡದಲ್ಲಿ
ಹಿಂದಿನ ಸಾಲಿಗೆ ನಿಂತು ಕೆಳಸ್ವರ ಹಿಡಿಯುವವನು.
ನನ್ನ ಮದುವೆಗೂ ಹಾಡಿದ್ದ.

ಅತ್ತೆ ಬಯ್ಯಲಿಲ್ಲ, ಅವನನ್ನೂ ನನ್ನನ್ನೂ.
ಉಟ್ಟ ಸೀರೆಯ ಸೆರಗು ಹರಿದು ಕಿವಿಗೆ ಒತ್ತಿ ಹಿಡಿದಳು
ಸಿದ್ದಾಪುರದ ಆಸ್ಪತ್ರೆಯವರೆಗೂ. ಜೀಪು ಉತ್ತಯ್ಯನದು.
ಅರ್ಧ ದಾರಿ ಸುಮ್ಮನಿದ್ದು ಅವನೆಂದ:
"ಕೋವಿಯಾಗಿದ್ದರೆ ಇಷ್ಟು ಬಟ್ಟೆ ಬೇಕಾಗುತ್ತಿರಲಿಲ್ಲ."
ಬಡಾಯಿಯೋ ಭಯವೋ ತಿಳಿಯಲಿಲ್ಲ.
ಹೊರಗಿವಿ ಹೊಲಿದರು. ಒಳಗಿನ ತಮಟೆ ಹೋಗಿದೆ ಎಂದರು.

ಅಯ್ಯನವರು ಬಂದು ಕಾಫಿ ಕುಡಿದು
"ಕುರುಬನ ಕೈಲಿ ಕೋಲೂ ಇರುತ್ತದಮ್ಮ" ಎಂದರು.
ಅವರ ಮಗ, ದೇವಶಾಸ್ತ್ರ ಓದುವವನು:
"ಆ ರಾತ್ರಿ ಆ ತೋಟದಲ್ಲಿ ಕತ್ತಿ ಹಿರಿದ ಶಿಷ್ಯನಿಗೂ
ಒಳ್ಳೆಯ ಕಾರಣವೇ ಇತ್ತು."
ಇಬ್ಬರೂ ಸರಿ. ಇಬ್ಬರ ಲೋಟವನ್ನೂ ನಾನೇ ತೊಳೆದೆ.

ದೊರ್ಕಮ್ಮ ಎಲೆಗೆ ಸುಣ್ಣ ಸವರುತ್ತ ಅಂದಳು:
"ನನ್ನಜ್ಜಿ ಧಣಿಯ ಗದ್ದೆಯಲ್ಲಿ ಜೀತಕ್ಕಿದ್ದಳು.
ಇನ್ನೊಂದು ಕೆನ್ನೆ ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.
ಪಾದ್ರಿ ಬಂದು ಹೇಳಿದ್ದು ಬೇರೆ:
ಕೆನ್ನೆ ನಿನ್ನದು ಕಣಮ್ಮ, ಅಂತ.
ನಮ್ಮದಾದ ಮೇಲಲ್ಲವೇನೇ ಕೊಡೋದು?"
ಎದ್ದು ಹೋಗಿ ಉಗುಳಿ ಬಂದು:
"ನನ್ನದನ್ನ ನಾನು ಕೊಡ್ತಿದ್ದೆನೋ ಏನೋ.
ನೀನು ಕೇಳಲಿಲ್ಲ."

ಪೊಲೀಸರಿಗೆ ಹೇಳಲಿಲ್ಲ; ಜನ ಅದನ್ನು ಕ್ಷಮೆಯೆಂದರು.
ಮೆಣಸು ತೊಳೆದು ಮತ್ತೆ ಒಣಗಿಸಿದೆವು, ಮಾರಿದೆವು.
ತಗಡು ಕಿತ್ತುಹಾಕಬೇಕೆಂದಿದ್ದೆ. ಹಾಕಿಲ್ಲ.
ರಾತ್ರಿ ಗೋರುಮಣೆ ಈಗಲೂ
ಕೈಗೆಟಕುವಲ್ಲೇ ಇರುತ್ತದೆ.

ಈಸ್ಟರಿಗೆ ಮುಂಚಿನ ಗುರುವಾರ, ಕರ್ತನ ಭೋಜನ.
ಮೊಣಕಾಲೂರಿದೆ. ನನ್ನ ಎಡಕ್ಕೆ ಬಂದು ಊರಿದವನು ಅವನೇ,
ಹೊಲಿಗೆ ಒಣಗಿ ಸುರುಟಿದ ಕಿವಿ ನನ್ನ ಕಡೆಗೆ.
ಬಟ್ಟಲು ಇನ್ನೂ ನಾಲ್ಕು ಜನರಾಚೆ ಇತ್ತು.
"ಸಿಲ್ವಾನ" ಎಂದೆ.
ಮುಂದೆ ಏನು ಹೇಳುವುದಿತ್ತೋ ಗೊತ್ತಿಲ್ಲ.
ಅವನಿಗೆ ಕೇಳಿಸಲಿಲ್ಲ.
ಮತ್ತೆ ಕರೆದೆ, ತೋಳು ಮುಟ್ಟಿ.
ಬೆಚ್ಚಿದ. ಕೈ ತಾನಾಗಿ ಕಿವಿಗೆ ಹೋಯಿತು.
ಆಮೇಲೆ ಮುಖವನ್ನೆಲ್ಲ ಹೊರಳಿಸಿ
ಇನ್ನೊಂದು ಕಿವಿಯನ್ನು
ನನ್ನತ್ತ ತಿರುಗಿಸಿದ.