ಎರಡು ಕತ್ತಲು

ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದ
ಅಗಸೆ ಕಡ್ಡಿಗಳನ್ನು ಮೇಜಿನ ಮೇಲಿಟ್ಟು
ಗಸ್ತೋಂ ಲಮೆತ್ತೆ ಟೋಪಿ ತೆಗೆದ.
ಮೊದಲ ಕಟ್ಟು ಕಿತ್ತ ದಿನದ್ದು, ಇನ್ನೂ ಹಳದಿ.
ಎರಡನೆಯದು ಹೊಲದಲ್ಲೇ ಮಲಗಿ
ಹತ್ತು ರಾತ್ರಿಯ ಇಬ್ಬನಿ ಕುಡಿದದ್ದು.
ಮೂರನೆಯದು ಬೂದಿಬಣ್ಣ, ಮೈತುಂಬ ಕರಿಚುಕ್ಕೆ,
ತೆರೆಯದ ನೆಲಮಾಳಿಗೆಯ ವಾಸನೆ.

"ಇದು ಆಯಿತು" ಅಂದ, ಮೂರನೆಯದನ್ನು ಬೆರಳಲ್ಲಿ ಮುರಿದು.
ಕಡ್ಡಿ ಉದುರಿತು, ನಾರು ಕೈಯಲ್ಲುಳಿಯಿತು.
"ನನ್ನ ಮೂಗಿಗೆ ಗೊತ್ತಾಗಿದ್ದಕ್ಕೆ
ನಿಮ್ಮ ಯಂತ್ರ ಯಾಕೆ?"

ಒದೀಲ್ ವಾದಕ್ಕಿಳಿಯಲಿಲ್ಲ.
ರುವಾಂ ನಗರದ ಆ ಮೂರನೆಯ ಮಹಡಿಯಲ್ಲಿ
ವಾದಕ್ಕಿಂತ ಕಾಯುವುದೇ ಹೆಚ್ಚು.
ಕಡ್ಡಿಯನ್ನು ರಾಳದಲ್ಲಿ ಕೂರಿಸಿ
ಕೂದಲು ನಾಚುವಷ್ಟು ತೆಳ್ಳಗೆ ಸೀಳಿ
ಮೊದಲು ಹಾಲಿನ ಪುಡಿ ಕಲಸಿದ ನೀರು:
ಎಲ್ಲೆಂದರಲ್ಲಿ ಕೂರುವ ಚಾಳಿಗೆ
ಜಾಗವಿಲ್ಲವೆಂದು ಹೇಳಲು.
ಆಮೇಲೆ ಇಲಿಯ ಹನಿ.

ಆ ಇಲಿ ಸತ್ತು ಎಷ್ಟೋ ವರ್ಷವಾಯಿತು
ಕಡಲಾಚೆ, ಇಂಗ್ಲೆಂಡಿನ ಒಂದು ಪಂಜರದಲ್ಲಿ.
ಪೆಕ್ಟಿನ್ನಿನ ಚೂರು ಚುಚ್ಚಿ
ಇದು ವೈರಿ ಅಂದಿದ್ದರು. ನಂಬಿತು.
ಅದರ ಗುಲ್ಮದ ಒಂದು ಕೋಶಕ್ಕೂ
ಸಾಯಲು ಮರೆತ ಒಂದು ಅರ್ಬುದಕ್ಕೂ ಗಂಟುಹಾಕಿದರು.
ಆ ಮದುವೆಯ ಸಂತಾನ ಇಂದಿಗೂ ಬಸಿಯುತ್ತಿದೆ
ಅದೇ ಪ್ರತಿಕಾಯ, ತದ್ರೂಪು, ಲೀಟರುಗಟ್ಟಲೆ.
ಬಲ್ಲದ್ದು ಒಂದೇ ಮುಖ:
ಮೀಥೈಲಿನ ಟೋಪಿ ತೆಗೆದ ಪೆಕ್ಟಿನ್.
ಟೋಪಿ ಹಾಕಿ ಅದೇ ಪೆಕ್ಟಿನ್ ಎದುರು ನಿಂತರೂ
ಯಾರೋ ಏನೋ.
ಜೂನಿನ ಬೆಳಗಿಗೆ ಅರಳಿ ಮಧ್ಯಾಹ್ನಕ್ಕೆ ಉದುರುವ
ಈ ಹೊಲಗಳ ನೀಲಿಯನ್ನು
ಆ ಇಲಿ ಕಂಡದ್ದೇ ಇಲ್ಲ.

(ನನ್ನ ಮಾತಿನಲ್ಲಿ ಅಗಸೆಯೆಂದರೆ
ಊರಿನ ಹೆಬ್ಬಾಗಿಲು ಕೂಡ.
ಗೋಡೆ ಗೋಡೆಯ ನಡುವಿನ ಗಾರೆಯ ಕತೆಗೆ
ಹೆಸರು ಎಷ್ಟು ಸರಿಯಾಗಿ ಕೂತಿದೆ ನೋಡಿ.)

ತೊಳೆದು, ಮತ್ತೆ ತೊಳೆದು,
ಇಲಿಯದನ್ನಷ್ಟೇ ಹಿಡಿಯುವ ಇನ್ನೊಂದು ಹನಿ,
ಬೆನ್ನ ಮೇಲೆ ಹಸಿರು ದೀಪ ಹೊತ್ತದ್ದು.
ದೀಪವಾರಿಸಿ ಗಸ್ತೋಂನನ್ನು ಕರೆದಳು.

ಮೊದಲ ಗಾಜಿನಲ್ಲಿ ಹಸಿರು ಜೇನುಹುಟ್ಟು,
ಒಂದೊಂದು ಕೋಶದ ಅಂಚಿಗೂ ಬೆಳಕಿನ ಒಡ್ಡು.
ಎರಡನೆಯದರಲ್ಲಿ ಅಂಚೆಲ್ಲ ಕರಗಿ
ಮೂರು ಕೋಶ ಕೂಡುವ ಮೂಲೆಗಳಲ್ಲಿ ಮಾತ್ರ
ಒಂದೊಂದು ಕಿಡಿ.
"ಮೂರು ಹೊಲ ಕೂಡುವ ಮೂಲೆಯ ಕಲ್ಲನ್ನು
ನಮ್ಮಪ್ಪನಿಗೂ ಕೀಳಲಾಗಲಿಲ್ಲ" ಅಂದ.
ಮೂರನೆಯದರಲ್ಲಿ ಕತ್ತಲು.
"ಕೆಟ್ಟಿತೇ?"
"ಇಲ್ಲ. ಇದೇ ನಿಮ್ಮ ಫಸಲು.
ಗಾರೆಯನ್ನು ಬೂಷ್ಟು ತಿಂದು ಮುಗಿಸಿದೆ."

ನಾಲ್ಕನೆಯದನ್ನೂ ಇಟ್ಟಳು. ಕತ್ತಲು.
"ಇದೂ ಆಯಿತಲ್ಲ!"
"ಇದು ನಿಮ್ಮ ಹಳದಿ ಕಡ್ಡಿ.
ಇಲಿಯ ಹನಿ ಹಾಕಿಲ್ಲ, ಅಷ್ಟೇ."

ಅವನು ಮೂರಕ್ಕೆ ಮರಳಿದ, ನಾಲ್ಕಕ್ಕೆ ಬಂದ,
ಮತ್ತೆ ಮೂರಕ್ಕೆ. ಮೂಗು ಗಾಜಿಗೆ ತಾಗುವಷ್ಟು ಬಾಗಿದ.
ಗಾಜಿಗೆ ವಾಸನೆಯಿರಲಿಲ್ಲ.

ಕಿಟಕಿಯಾಚೆ ಸೇನ್ ನದಿಯ ಮೇಲೆ ಮೋಡ.
ಮಳೆಗೆ ಮುಂಚೆ ಸುತ್ತಿ ಕಟ್ಟಬೇಕು ಎನ್ನುತ್ತ
ಟೋಪಿಯನ್ನು ಮೇಜಿನ ಮೇಲೇ ಮರೆತು
ಮೆಟ್ಟಿಲಿಳಿದ.
ಒದೀಲ್ ಪೆನ್ಸಿಲು ಚೂಪು ಮಾಡಿ
ಮೂರನೆಯ ಗಾಜಿನಂಚಿಗೆ ಬರೆದಳು: ಇಲ್ಲ.
ನಾಲ್ಕನೆಯದಕ್ಕೆ: ಕೇಳಿಲ್ಲ.